ಕಾಡಿನ ಕಸವೂ ಊರಿನ ಬೆಳಕೂ

‘ಕಸದಿಂದ ರಸ’ ಎಂಬ ಮಾತನ್ನು ನಾವು ಹಿತ್ತಲಿನ ಗೊಬ್ಬರದ ಗುಂಡಿಯಿಂದ ಹಿಡಿದು ಪಟ್ಟಣದ ದೊಡ್ಡ ಕಾರ್ಖಾನೆಯವರೆಗೆ ಎಲ್ಲದಕ್ಕೂ ಅನ್ವಯಿಸಿ ಆಡುತ್ತೇವೆ. ಮಾತು ಸುಲಭವಾದದ್ದು. ಆದರೆ ಯಾವುದು ಕಸ, ಅದನ್ನು ಕಸವೆಂದು ಕರೆದವರು ಯಾರು ಎಂಬ ಪ್ರಶ್ನೆಯನ್ನು ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಕಾಡಿನ ವಿಷಯದಲ್ಲಂತೂ ಈ ಪ್ರಶ್ನೆಯನ್ನು ಮೊದಲು ಕೇಳಿಯೇ ಮುಂದುವರಿಯಬೇಕಾಗುತ್ತದೆ.

ಬೇಸಗೆಯ ದಿನಗಳಲ್ಲಿ ನಮ್ಮ ಮಲೆನಾಡಿನ ಯಾವುದಾದರೊಂದು ಕಾಡನ್ನು ಹೊಕ್ಕು, ಮರದ ತುದಿಯನ್ನು ನೋಡುವ ಬದಲು ನೆಲವನ್ನು ನೋಡಬೇಕು. ಪಾದ ಮುಳುಗುವಷ್ಟು ತರಗು, ಅದರ ನಡುವೆ ಬೆರಳುಗಾತ್ರದ ಪುರಲೆ, ಹಿಂದಿನ ಮಳೆಗಾಲದ ಗಾಳಿಗೆ ಮುರಿದ ಕೊಂಬೆ, ಗೆದ್ದಲು ಹತ್ತಿದ ಬೊಡ್ಡೆ, ಇವೆಲ್ಲ ಕಣ್ಣಿಗೆ ಬೀಳುತ್ತವೆ. ನಾಟಾಕ್ಕಾಗಿ ಮರ ಕಡಿದ ನೆಡುತೋಪುಗಳಲ್ಲಾದರೆ, ದಿಮ್ಮಿಗಳನ್ನು ಲಾರಿಗೆ ಏರಿಸಿದ ಮೇಲೆ ತುದಿಯ ರೆಂಬೆಗಳೂ ತೊಗಟೆಯೂ ಬುಡದ ಕೊರಡೂ ಅಲ್ಲಿಯೇ ಉಳಿಯುತ್ತವೆ. ಆ ದಿಮ್ಮಿಯು ಮರ ಕೊಯ್ಯುವ ಕಾರ್ಖಾನೆಯನ್ನು ಸೇರಿ ಹಲಗೆಯಾಗುವಾಗ ಅದರ ಸುಮಾರು ಅರ್ಧದಷ್ಟು ಭಾಗ ಹೊರಪಟ್ಟಿಯಾಗಿ, ಚಕ್ಕೆಯಾಗಿ, ಗರಗಸದ ಹುಡಿಯಾಗಿ ಬೇರೆಯಾಗುತ್ತದೆ. ಇವೆಲ್ಲವನ್ನೂ ಸೇರಿಸಿ ಇಂದಿನ ವರದಿಗಳು ‘ಅರಣ್ಯದ ಮರದ ತ್ಯಾಜ್ಯ’ ಎಂದು ಕರೆಯುತ್ತವೆ.

ಕಾಡಿನ ಲೆಕ್ಕದಲ್ಲಿ ಇವು ತ್ಯಾಜ್ಯವಲ್ಲ. ಬಿದ್ದ ಎಲೆಯನ್ನು ಗೆದ್ದಲೂ ಶಿಲೀಂಧ್ರವೂ ಮತ್ತೆ ಮಣ್ಣಾಗಿಸುತ್ತವೆ. ಒಣಗಿ ನಿಂತ ಮರದಲ್ಲಿ ಮರಕುಟಿಗ ಪೊಟರೆ ಕೊರೆಯುತ್ತದೆ. ಅದು ಬಿಟ್ಟುಹೋದ ಪೊಟರೆಯಲ್ಲಿ ಗಿಳಿಯೋ ಗೂಬೆಯೋ ಸಂಸಾರ ಹೂಡುತ್ತದೆ. ಇನ್ನೊಂದು ಸಂಗತಿ ಗಮನಾರ್ಹವಾದುದು. ಮರದ ಗಟ್ಟಿಯಾದ ಕಾಂಡದಲ್ಲಿ ಖನಿಜ ಸತ್ತ್ವವು ತೀರ ಕಡಿಮೆ. ಎಲೆ, ತೊಗಟೆ, ಎಳೆಯ ರೆಂಬೆಗಳಲ್ಲಿ ಅದು ಹೆಚ್ಚು. ಹೀಗಾಗಿ ದಿಮ್ಮಿಯನ್ನು ಒಯ್ದು ಎಲೆಯನ್ನು ಬಿಟ್ಟರೆ ಕಾಡಿಗೆ ಆಗುವ ನಷ್ಟಕ್ಕಿಂತ, ನೆಲವನ್ನು ಪೂರ್ತಿ ಗುಡಿಸಿ ಒಯ್ದರೆ ಆಗುವ ನಷ್ಟವೇ ದೊಡ್ಡದಾಗಬಹುದು. ಇದನ್ನು ನಮ್ಮ ಅಡಿಕೆ ಬೆಳೆಗಾರರು ಯಾವ ಪ್ರಯೋಗಶಾಲೆಯ ನೆರವೂ ಇಲ್ಲದೆ ಕಂಡುಕೊಂಡಿದ್ದರು. ಬೆಟ್ಟದ ಸೊಪ್ಪನ್ನೂ ತರಗನ್ನೂ ತಂದು, ಕೊಟ್ಟಿಗೆಗೆ ಹಾಸಿ, ಗೊಬ್ಬರ ಮಾಡಿ ತೋಟಕ್ಕೆ ಹಾಕುವ ಪದ್ಧತಿಯ ಹಿಂದೆ ಈ ತಿಳಿವಳಿಕೆಯೇ ಇದೆ. ಬೆಟ್ಟ ಬೋಳಾದಾಗ ಅದರ ಬೆಲೆಯೂ ಅವರಿಗೆ ತಿಳಿಯಿತೆನ್ನಿ.

ಆದುದರಿಂದ ಕಾಡಿನಿಂದ ಇಂಧನ ತರುವ ಯಾವ ಯೋಜನೆಯೂ ‘ಎಷ್ಟು ಸಿಗುತ್ತದೆ’ ಎಂದು ಕೇಳುವ ಮೊದಲು ‘ಎಷ್ಟನ್ನು ಬಿಡಬೇಕು’ ಎಂದು ಕೇಳಬೇಕಾಗುತ್ತದೆ. ಬಿಡಬೇಕಾದಷ್ಟನ್ನು ಬಿಟ್ಟ ಮೇಲೆಯೂ ಉಳಿಯುವುದು ಸ್ವಲ್ಪವೇನಲ್ಲ. ಅದರ ಕಥೆಯನ್ನು ಈಗ ನೋಡೋಣ.

ನಮ್ಮ ಹಳ್ಳಿಗಳು ಸೌದೆಯನ್ನು ಹೇಗೆ ಬಳಸುತ್ತವೆ ಎಂಬುದನ್ನು ಬಹುಕಾಲ ಯಾರೂ ಅಳೆದು ನೋಡಿರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ವಿದ್ಯುದ್ರಸಾಯನ ವಿಜ್ಞಾನಿ ಎ.ಕೆ.ಎನ್. ರೆಡ್ಡಿಯವರ ಮುಂದಾಳುತನದಲ್ಲಿ ‘ಅಸ್ತ್ರ’ ಎಂಬ ಕೇಂದ್ರವು ಆರಂಭವಾಯಿತು. ಗ್ರಾಮಗಳಿಗೆ ವಿಜ್ಞಾನ ತಂತ್ರಜ್ಞಾನಗಳನ್ನು ಅನ್ವಯಿಸುವುದು ಎಂಬರ್ಥದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿ ಕಟ್ಟಿದ ಹೆಸರು ಅದು. ಆ ಕೇಂದ್ರದವರು ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲೂ ಅದರ ನೆರೆಯ ಊರುಗಳಲ್ಲೂ ಮನೆಮನೆಗೆ ಹೋಗಿ ಲೆಕ್ಕ ಹಾಕಿದರು. ಪುರದಲ್ಲಿ ಒಂದು ಮನೆಯವರು ಸೌದೆ ಆಯುವುದಕ್ಕೆಂದೇ ದಿನಕ್ಕೆ ಸರಾಸರಿ ಎರಡೂವರೆ ಗಂಟೆಯಷ್ಟು ಕಾಲವನ್ನು ವ್ಯಯಿಸುತ್ತಿದ್ದರು. ಆ ಶ್ರಮದ ದೊಡ್ಡ ಪಾಲು ಹೆಂಗಸರದು, ಮಕ್ಕಳದು. ಇನ್ನೂ ಒಂದು ಮುಖ್ಯವಾದ ಸಂಗತಿ ಬೆಳಕಿಗೆ ಬಂದಿತು. ಹಳ್ಳಿಯವರು ತರುತ್ತಿದ್ದುದು ಬಹುಮಟ್ಟಿಗೆ ಪುರಲೆಯನ್ನು, ಬೇಲಿಯ ಕಡ್ಡಿಯನ್ನು; ಮರ ಕಡಿದ ಸೌದೆಯನ್ನಲ್ಲ. ಲಾರಿಯಲ್ಲಿ ದಿಮ್ಮಿಗಳ ರೂಪದಲ್ಲಿ ಸಾಗುತ್ತಿದ್ದ ಸೌದೆ ಬೆಂಗಳೂರಿನಂತಹ ನಗರಗಳ ಒಲೆಗೆ ಹೋಗುತ್ತಿತ್ತು. ಕಾಡು ನಾಶವಾದುದಕ್ಕೆ ತಲೆಯ ಮೇಲೆ ಹೊರೆ ಹೊತ್ತ ಹೆಂಗಸನ್ನು ದೂರುವ ರೂಢಿ ಎಷ್ಟು ಅನ್ಯಾಯವಾದುದೆಂಬುದು ಇದರಿಂದ ತಿಳಿಯುತ್ತದೆ.

ಅಷ್ಟು ಕಷ್ಟಪಟ್ಟು ತಂದ ಸೌದೆಯ ಶಾಖದಲ್ಲಿ ಪಾತ್ರೆಯ ತಳವನ್ನು ಮುಟ್ಟುತ್ತಿದ್ದುದು ಸುಮಾರು ಹತ್ತನೆಯ ಒಂದು ಪಾಲು ಮಾತ್ರ. ಉಳಿದುದು ಹೊಗೆಯಾಗಿ, ಬಿಸಿಗಾಳಿಯಾಗಿ ಅಡುಗೆಮನೆಯನ್ನೂ ಅಡುಗೆ ಮಾಡುವವಳ ಎದೆಗೂಡನ್ನೂ ಸೇರುತ್ತಿತ್ತು. ಇದನ್ನು ಕಂಡು ಅದೇ ಕೇಂದ್ರದವರು ಮೂರು ಪಾತ್ರೆಗಳನ್ನಿಡಬಹುದಾದ, ಕಬ್ಬಿಣದ ಜಾಲರಿಯೂ ಹೊಗೆ ಕೊಳವೆಯೂ ಉಳ್ಳ ಒಂದು ಮಣ್ಣಿನ ಒಲೆಯನ್ನು ರೂಪಿಸಿದರು. ‘ಅಸ್ತ್ರ ಒಲೆ’ ಎಂಬ ಹೆಸರಿನಿಂದ ಅದು 1980ರ ದಶಕದಲ್ಲಿ ಕರ್ನಾಟಕದ ಅನೇಕ ಹಳ್ಳಿಗಳ ಅಡುಗೆಮನೆಗಳನ್ನು ಹೊಕ್ಕಿತು. 2016ರಿಂದ ಈಚೆಗೆ ಅಡುಗೆ ಅನಿಲದ ಸಿಲಿಂಡರು ಬಡವರ ಮನೆಗೂ ಬಂದಿದೆ. ಆದರೂ ಮಲೆನಾಡಿನ ಬಚ್ಚಲ ಒಲೆ ಇಂದಿಗೂ ಸೌದೆಯನ್ನೇ ಬೇಡುತ್ತದೆ.

ಸೌದೆಯಿಂದ ಹೊಗೆಯಿಲ್ಲದ ಶಕ್ತಿಯನ್ನು ಪಡೆಯುವುದು ಹೇಗೆ ಎಂಬುದನ್ನು ತಿಳಿಯಲು ಅದು ಉರಿಯುವ ಬಗೆಯನ್ನು ಗಮನಿಸಬೇಕು. ಉರಿಯುತ್ತಿರುವ ಒಂದು ಕಡ್ಡಿಯನ್ನು ಹತ್ತಿರದಿಂದ ನೋಡಿದರೆ, ಜ್ವಾಲೆಯು ಮರಕ್ಕೆ ಅಂಟಿಕೊಂಡಿಲ್ಲವೆಂಬುದು ಕಾಣುತ್ತದೆ. ಎರಡರ ನಡುವೆ ತೆಳುವಾದ ಒಂದು ಕಪ್ಪು ಎಡೆಯಿದೆ. ಉರಿಯುತ್ತಿರುವುದು ಮರವಲ್ಲ, ಮರದಿಂದ ಹೊರಟ ಆವಿ. ಸೌದೆಗೆ ಶಾಖ ತಗುಲಿದಾಗ ಮೊದಲು ಅದರೊಳಗಿನ ನೀರು ಹೋಗುತ್ತದೆ. ಹಸಿ ಸೌದೆಯ ತೂಕದಲ್ಲಿ ಅರ್ಧದಷ್ಟು ನೀರೇ ಇರಬಹುದಾದುದರಿಂದ ಹಸಿ ಸೌದೆ ಉರಿಸುವವನು ಮೊದಲು ನೀರು ಕಾಯಿಸುತ್ತಾನೆ, ಆಮೇಲೆ ಅಡುಗೆ ಮಾಡುತ್ತಾನೆ. ನೀರು ಹೋದ ಮೇಲೆ ಒಣ ಮರದ ತೂಕದ ಮುಕ್ಕಾಲು ಪಾಲು ಅನಿಲಗಳಾಗಿ, ಟಾರಿನ ಆವಿಯಾಗಿ ಬಿಡುಗಡೆಯಾಗುತ್ತದೆ. ಕೊನೆಗೆ ಉಳಿಯುವುದು ಇದ್ದಿಲು. ಆವಿಗೆ ಸಾಕಷ್ಟು ಗಾಳಿಯೂ ಬಿಸಿಯೂ ದೊರೆತರೆ ಅದು ಪೂರ್ತಿಯಾಗಿ ಉರಿದು ಬೆಳಕಾಗುತ್ತದೆ, ದೊರೆಯದಿದ್ದರೆ ಹೊಗೆಯಾಗುತ್ತದೆ. ಹೊಗೆಯೆಂಬುದು ಉರಿಯದೆ ಉಳಿದ ಇಂಧನವಲ್ಲದೆ ಬೇರೇನೂ ಅಲ್ಲ.

ಈ ಎರಡು ಕೆಲಸಗಳನ್ನು, ಎಂದರೆ ಆವಿ ಹೊರಡಿಸುವುದನ್ನೂ ಅದನ್ನು ಉರಿಸುವುದನ್ನೂ, ಬೇರೆ ಬೇರೆ ಕಡೆ ನಡೆಸುವ ಉಪಾಯವೇ ಅನಿಲೀಕರಣ. ಎತ್ತರವಾದ ಒಂದು ಕೊಳವೆಯಾಕಾರದ ಕುಲುಮೆ. ಅದಕ್ಕೆ ಮೇಲಿನಿಂದ ಅಂಗೈಯಗಲಕ್ಕಿಂತ ಚಿಕ್ಕದಾಗಿ ಕತ್ತರಿಸಿದ ಒಣ ತುಂಡುಗಳನ್ನು ತುಂಬುತ್ತಾರೆ. ಪೂರ್ತಿ ಉರಿಯುವುದಕ್ಕೆ ಬೇಕಾದುದರ ಮೂರರಲ್ಲೊಂದು ಪಾಲಿನಷ್ಟು ಗಾಳಿಯನ್ನು ಮಾತ್ರ ಒಳಗೆ ಬಿಡುತ್ತಾರೆ. ಒಂದಿಷ್ಟು ಸೌದೆ ಉರಿದು ಸಾವಿರ ಡಿಗ್ರಿಗೂ ಮಿಕ್ಕಿದ ಶಾಖ ಹುಟ್ಟುತ್ತದೆ. ಆ ಶಾಖದಿಂದ ಹೊರಟ ಆವಿಗಳೂ ನೀರಿನ ಹಬೆಯೂ ಕೆಳಗಿರುವ ಕೆಂಡದ ಹಾಸನ್ನು ಹಾದುಹೋಗುವಾಗ ಒಡೆದು ಹೊಸ ಅನಿಲಗಳಾಗುತ್ತವೆ. ಹೀಗೆ ದೊರೆತ ಅನಿಲದಲ್ಲಿ ಇಂಗಾಲದ ಮಾನಾಕ್ಸೈಡೂ ಜಲಜನಕವೂ ಐದನೆಯ ಒಂದೊಂದು ಪಾಲಿನಷ್ಟಿರುತ್ತವೆ, ಮೀಥೇನು ಸ್ವಲ್ಪ. ಉಳಿದುದರಲ್ಲಿ ಹೆಚ್ಚಿನದು ಗಾಳಿಯೊಡನೆ ಬಂದ ಸಾರಜನಕ. ಅರ್ಧದಷ್ಟು ಸಾರಜನಕವೇ ಇರುವುದರಿಂದ ಇದು ಸತ್ತ್ವದಲ್ಲಿ ಬಡ ಅನಿಲವೇ ಸರಿ. ಆದರೂ ತಂಪು ಮಾಡಿ, ಬೂದಿಯನ್ನೂ ಟಾರನ್ನೂ ಸೋಸಿ ತೆಗೆದರೆ ಎಂಜಿನನ್ನು ನಡೆಸಬಲ್ಲುದು. ಇಲ್ಲೊಂದು ಎಚ್ಚರಿಕೆ ಅವಶ್ಯಕ. ಇಂಗಾಲದ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಅದು ಪ್ರಾಣಾಪಾಯಕಾರಿ. ಅನಿಲವನ್ನು ತೊಳೆದ ನೀರೂ ವಿಷಪೂರಿತವಾದುದರಿಂದ ಅದನ್ನು ಶುದ್ಧಗೊಳಿಸದೆ ಹಳ್ಳಕ್ಕೆ ಬಿಡಲಾಗದು. ಶುಚಿಯಾದ ಶಕ್ತಿಯೆಂಬ ಹೆಸರು ಇವೆರಡನ್ನೂ ಸರಿಯಾಗಿ ನೋಡಿಕೊಂಡವರಿಗೆ ಮಾತ್ರ ಒಪ್ಪುತ್ತದೆ.

ಈ ವಿದ್ಯೆ ನಮ್ಮ ನಾಡಿಗೆ ಹೊಸದಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ದುರ್ಲಭವಾದಾಗ ಮೈಸೂರು ಸೀಮೆಯ ರಸ್ತೆಗಳಲ್ಲಿ ಇದ್ದಿಲು ಬಸ್ಸುಗಳು ಓಡಾಡಿದುವು. ಬಸ್ಸಿನ ಬೆನ್ನಿಗೆ ಒಂದು ದೊಡ್ಡ ಉರುಳೆ, ಅದರೊಳಗೆ ಕೆಂಡ, ಹೊರಡುವ ಮೊದಲು ಬಹಳ ಹೊತ್ತು ಗಾಳಿ ಹಾಕಬೇಕು, ಏರು ಬಂದರೆ ಪ್ರಯಾಣಿಕರು ಇಳಿದು ತಳ್ಳಬೇಕು. ನಮ್ಮ ಹಿರಿಯರು ಇದನ್ನೊಂದು ನಗೆಯ ಪ್ರಸಂಗವಾಗಿ ವರ್ಣಿಸುತ್ತಿದ್ದರು. ಅದೇ ಕಾಲದಲ್ಲಿ ಸ್ವೀಡನ್ ದೇಶದಲ್ಲಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ವಾಹನಗಳು ಸೌದೆ ಅಥವಾ ಇದ್ದಿಲಿನ ಅನಿಲದಿಂದ ಓಡುತ್ತಿದ್ದುವು. ಯುದ್ಧ ಮುಗಿದು ಪೆಟ್ರೋಲು ಮರಳಿ ಬಂದೊಡನೆ ಎಲ್ಲರೂ ಆ ಉರುಳೆಗಳನ್ನು ಕಳಚಿ ಎಸೆದರು. ಅದಕ್ಕೂ ಮೊದಲೇ ಭದ್ರಾವತಿಯಲ್ಲಿ 1923ರಲ್ಲಿ ಉತ್ಪಾದನೆಯನ್ನಾರಂಭಿಸಿದ ಮೈಸೂರು ಕಬ್ಬಿಣದ ಕಾರ್ಖಾನೆಯು ಸುತ್ತಣ ಕಾಡುಗಳ ಸೌದೆಯನ್ನು ಇದ್ದಿಲಾಗಿಸಿ ಅದುರನ್ನು ಕರಗಿಸುತ್ತಿತ್ತು. ಸೌದೆಯಿಂದ ಹೊರಟ ಆವಿಯನ್ನು ವ್ಯರ್ಥವಾಗಲು ಬಿಡದೆ ಭಟ್ಟಿ ಇಳಿಸಿ ಟಾರನ್ನೂ ಮರದ ಮದ್ಯಸಾರವನ್ನೂ ತೆಗೆಯುತ್ತಿತ್ತು. ಜಾಣತನದ ಕೆಲಸವೇ. ಆದರೆ ಅಲ್ಲಿಯ ಕುಲುಮೆಗೆ ಬಿದ್ದುದು ಕಾಡಿನ ಉಳಿಕೆಯಲ್ಲ, ಕಾಡೇ.

ಹೊಸಹಳ್ಳಿಯ ಪ್ರಯೋಗ ಇದಕ್ಕೆ ತೀರ ಬೇರೆಯಾದುದು. ಹೊಸಹಳ್ಳಿಯೂ ಕುಣಿಗಲ್ ತಾಲ್ಲೂಕಿನ ಊರೇ. ಸುಮಾರು 35 ಮನೆಗಳು; ವಿದ್ಯುತ್ತಿನ ತಂತಿ ಅಲ್ಲಿಯವರೆಗೆ ಬಂದಿರಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ ಅಲ್ಲಿ ಐದು ಅಶ್ವಶಕ್ತಿಯ ಒಂದು ಪುಟ್ಟ ಅನಿಲ ಯಂತ್ರವನ್ನು ಸ್ಥಾಪಿಸಿದರು. ಮೊದಲಲ್ಲಿ ಡೀಸೆಲ್ ಎಂಜಿನಿಗೇ ಅನಿಲವನ್ನು ಉಣಿಸಿ ಡೀಸೆಲ್ಲಿನ ಬಹುಪಾಲನ್ನು ಉಳಿಸುತ್ತಿದ್ದರು. ಮುಂದೆ ಯಂತ್ರದ ಸಾಮರ್ಥ್ಯವನ್ನು 20 ಕಿಲೋವ್ಯಾಟಿಗೆ ಏರಿಸಿದರು. ಊರ ಪಕ್ಕದ ಕೆಲವು ಎಕರೆಗಳಲ್ಲಿ ಬೇಗ ಬೆಳೆಯುವ ಮರಗಳನ್ನು ನೆಟ್ಟು ಅದನ್ನು ‘ಇಂಧನ ವನ’ವೆಂದು ಕರೆದರು. ಯಂತ್ರವನ್ನು ನಡೆಸುವುದಕ್ಕೆ ಊರಿನ ಹುಡುಗರನ್ನೇ ತರಬೇತಿಗೊಳಿಸಿದರು. ಬೆಳಕು ಮನೆಗೆ ಬಂದಿತು. ಕುಡಿಯುವ ನೀರು ನಲ್ಲಿಯಲ್ಲಿ ಬಂದಿತು. ಹಿಟ್ಟಿನ ಗಿರಣಿ ಊರಿನಲ್ಲಿಯೇ ತಿರುಗಿತು. ಹೊಲಕ್ಕೆ ನೀರೆತ್ತುವ ಪಂಪೂ ನಡೆಯಿತು. 2004ರಲ್ಲಿ ಪ್ರಕಟವಾದ ಆ ವಿಜ್ಞಾನಿಗಳ ವರದಿಯ ಪ್ರಕಾರ, ಹಿಂದಿನ ಆರು ವರ್ಷಗಳಲ್ಲಿ ನೂರಕ್ಕೆ ಎಂಬತ್ತೈದಕ್ಕಿಂತಲೂ ಹೆಚ್ಚು ದಿನಗಳಂದು ದೀಪವೂ ನೀರೂ ತಪ್ಪಿರಲಿಲ್ಲ. ಆ ಕಾಲದಲ್ಲಿ ಸರಕಾರಿ ತಂತಿಯನ್ನು ಪಡೆದಿದ್ದ ಎಷ್ಟು ಹಳ್ಳಿಗಳು ಹೀಗೆ ಹೇಳಿಕೊಳ್ಳಬಹುದಾಗಿತ್ತೋ ಓದುಗರೇ ಊಹಿಸಬಹುದು.

ಅದೇ ವರದಿಯಲ್ಲಿ ಇನ್ನೊಂದು ಲೆಕ್ಕವಿದೆ. ಯಂತ್ರವು 5 ಕಿಲೋವ್ಯಾಟಿನಷ್ಟು ಮಾತ್ರ ದುಡಿದಾಗ ಒಂದು ಯೂನಿಟ್ಟಿಗೆ ಸೌದೆ, ಕೂಲಿ, ರಿಪೇರಿಗಳ ಖರ್ಚು 5 ರೂಪಾಯಿ 85 ಪೈಸೆ. ಪೂರ್ಣ 20 ಕಿಲೋವ್ಯಾಟು ದುಡಿದಾಗ 3 ರೂಪಾಯಿ 34 ಪೈಸೆ. ಯಂತ್ರ ಅದೇ, ಸೌದೆ ಅದೇ. ಕೆಲಸ ಕಡಿಮೆಯಾದಷ್ಟೂ ವೆಚ್ಚ ಏರುತ್ತದೆ. ಬರಿಯ ದೀಪಕ್ಕಾಗಿ ಇಂತಹ ಯಂತ್ರವನ್ನಿಡುವುದು ಜಾತ್ರೆಗೆ ಮಾತ್ರ ಎತ್ತು ಸಾಕಿದಂತೆ. ಗಿರಣಿ, ಪಂಪು, ಗಾಣ, ಮರಗೆಲಸದ ಚಿಕ್ಕ ಕಾರ್ಖಾನೆ ಇವು ಹಗಲೂ ಕೆಲಸ ಕೊಟ್ಟರೆ ಮಾತ್ರ ಅದು ತನ್ನ ಅನ್ನವನ್ನು ತಾನು ಗಳಿಸುತ್ತದೆ.

ಇಲ್ಲಿ ವಿದ್ಯಾರ್ಥಿಗಳು ತಾವೇ ಮಾಡಬಹುದಾದ ಒಂದು ಗಣಿತವಿದೆ. ಸಣ್ಣ ಅನಿಲ ಯಂತ್ರದಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಒಂದೂಕಾಲರಿಂದ ಒಂದೂವರೆ ಕಿಲೋಗ್ರಾಮ್ ಒಣ ಸೌದೆ ಬೇಕು. ಊರಿನ ದೀಪಗಳೆಲ್ಲ ಸೇರಿ 5 ಕಿಲೋವ್ಯಾಟು, ರಾತ್ರಿ ನಾಲ್ಕು ಗಂಟೆ ಉರಿದರೆ 20 ಯೂನಿಟ್ಟು, ಎಂದರೆ 30 ಕಿಲೋ ಸೌದೆ. ಅದೇ ಊರಿನ 35 ಮನೆಗಳ ಒಲೆಗೆ ಮನೆಗೆ ದಿನಕ್ಕೆ ಆರು ಕಿಲೋ ಎಂದಿಟ್ಟುಕೊಂಡರೂ 210 ಕಿಲೋ ಆಯಿತು. ಒಲೆಯನ್ನು ಸುಧಾರಿಸಿ ಅದರಲ್ಲಿ ಮೂರರಲ್ಲೊಂದು ಪಾಲನ್ನು ಉಳಿಸಿದರೆ 70 ಕಿಲೋ ಮಿಗುತ್ತದೆ. ಊರಿಗೆಲ್ಲ ಬೆಳಕು ಕೊಟ್ಟ ಮೇಲೂ ಕಾಡಿನಿಂದ ತರುವ ಹೊರೆ ಮೊದಲಿಗಿಂತ ಹಗುರವಾಗಬಹುದೆಂದಾಯಿತು. ಅಡುಗೆಮನೆಯನ್ನು ಮರೆತು ಯಂತ್ರದ ಬಗ್ಗೆ ಮಾತ್ರ ಮಾತನಾಡುವವರಿಗೆ ಈ ಲೆಕ್ಕ ಹೊಳೆಯುವುದಿಲ್ಲ.

ಉದ್ಯೋಗದ ವಿಷಯಕ್ಕೆ ಬರೋಣ. ಕಲ್ಲಿದ್ದಲು ಒಂದೆಡೆ ಗಣಿಯಲ್ಲಿ ರಾಶಿಯಾಗಿ ದೊರೆಯುತ್ತದೆ. ಕಾಡಿನ ಉಳಿಕೆಯಾದರೋ ನೂರಾರು ಎಕರೆಯಲ್ಲಿ ಚೆಲ್ಲಿಕೊಂಡಿರುತ್ತದೆ. ತೂಕಕ್ಕೆ ಮೀರಿದ ಗಾತ್ರ, ತುಂಬ ತೇವ. ವ್ಯಾಪಾರಿಯ ದೃಷ್ಟಿಯಲ್ಲಿ ಇವೆಲ್ಲ ದೋಷಗಳು. ಲಾರಿಯಲ್ಲಿ ನೂರಾರು ಮೈಲಿ ಸಾಗಿಸಹೊರಟರೆ ಬಾಡಿಗೆಯೇ ಸೌದೆಯ ಬೆಲೆಯನ್ನು ನುಂಗುತ್ತದೆ. ಆದರೆ ಇದೇ ದೋಷವೇ ಹಳ್ಳಿಯ ಪಾಲಿನ ಗುಣ. ಆಯುವುದಕ್ಕೆ ಕೈ ಬೇಕು, ಕತ್ತರಿಸುವುದಕ್ಕೆ ಕೈ ಬೇಕು, ಒಣಗಿಸಿ ಮಳೆಗಾಲಕ್ಕೆ ಕೂಡಿಡಲು ಕಣವೂ ಮಾಡೂ ಬೇಕು, ಹೊರೆಯಲು ಗಾಡಿ ಬೇಕು. ಡೀಸೆಲ್ಲಿಗೆ ಕೊಟ್ಟ ಹಣ ಸಮುದ್ರ ದಾಟಿ ಹೋಗುತ್ತದೆ. ಪುರಲೆಗೆ ಕೊಟ್ಟ ಹಣ ಊರ ಸಂತೆಯನ್ನು ದಾಟುವುದಿಲ್ಲ.

ಇದೇ ಮಾತನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದ ಒಂದು ಪಟ್ಟಣ ಯೂರೋಪಿನ ಆಸ್ಟ್ರಿಯ ದೇಶದಲ್ಲಿದೆ. ಅದರ ಹೆಸರು ಗ್ಯುಸ್ಸಿಂಗ್. ಹಂಗೆರಿಯ ಗಡಿಗೆ ಅಂಟಿಕೊಂಡ, ನಾಲ್ಕು ಸಾವಿರ ಜನರೂ ಇಲ್ಲದ ಊರು. ಯುದ್ಧಾನಂತರದ ದಶಕಗಳಲ್ಲಿ ಗಡಿ ಮುಚ್ಚಿದ್ದುದರಿಂದ ಅತ್ತ ವ್ಯಾಪಾರವಿಲ್ಲ, ರೈಲು ಮಾರ್ಗವಿಲ್ಲ, ದುಡಿಯುವ ವಯಸ್ಸಿನವರು ವಾರವೆಲ್ಲ ವಿಯೆನ್ನಾದಲ್ಲಿ ದುಡಿದು ವಾರಾಂತ್ಯಕ್ಕೆ ಮನೆಗೆ ಬರುತ್ತಿದ್ದರು. ಸುತ್ತ ಕಾಡಿದ್ದರೂ ಊರಿನ ಹಣ ಎಣ್ಣೆಗೂ ವಿದ್ಯುತ್ತಿಗೂ ಹೊರಗೆ ಹರಿಯುತ್ತಿತ್ತು. 1990ರ ಸುಮಾರಿಗೆ ಅಲ್ಲಿಯ ಪುರಸಭೆ ಕಲ್ಲಿದ್ದಲು, ಎಣ್ಣೆಗಳನ್ನು ತೊರೆಯಲು ನಿರ್ಧರಿಸಿತು. 1996ರಲ್ಲಿ ಮರದ ಚಕ್ಕೆ ಉರಿಸಿ ಕೊಳವೆಗಳ ಮೂಲಕ ಮನೆಗಳಿಗೆ ಬಿಸಿನೀರು ಹರಿಸುವ ವ್ಯವಸ್ಥೆ ಬಂದಿತು. 2001ರಲ್ಲಿ ವಿಯೆನ್ನಾದ ತಾಂತ್ರಿಕ ವಿಶ್ವವಿದ್ಯಾಲಯದ ನೆರವಿನಿಂದ, ಗಾಳಿಯ ಬದಲು ಹಬೆಯನ್ನು ಬಳಸಿ ಸಾರಜನಕವಿಲ್ಲದ ಸತ್ತ್ವಯುತ ಅನಿಲವನ್ನು ಪಡೆಯುವ ಸ್ಥಾವರ ನಡೆಯತೊಡಗಿತು. ಅದು ಎರಡು ಮೆಗಾವ್ಯಾಟು ವಿದ್ಯುತ್ತನ್ನೂ ಅದರ ಇಮ್ಮಡಿಗಿಂತ ಹೆಚ್ಚು ಶಾಖವನ್ನೂ ಕೊಡುತ್ತಿತ್ತು. ಅಗ್ಗದ ಶಾಖವನ್ನು ಹುಡುಕಿಕೊಂಡು ನೆಲಹಾಸಿನ ಹಲಗೆ ತಯಾರಿಸುವ ಕಾರ್ಖಾನೆಗಳು ಬಂದುವು. ಅವುಗಳ ಹುಡಿ, ಚಕ್ಕೆಗಳು ಮತ್ತೆ ಕುಲುಮೆಗೆ ಹೋದುವು. ಸಾವಿರದಷ್ಟು ಉದ್ಯೋಗಗಳು ಬಂದುವೆಂದು ಊರಿನವರು ಹೆಮ್ಮೆಯಿಂದ ಹೇಳಿಕೊಂಡರು. ನೋಡಲು ಜಗತ್ತಿನ ಹಲವು ಕಡೆಗಳಿಂದ ಜನ ಬಂದರು.

ಕಥೆ ಅಲ್ಲಿಗೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಮರದ ತ್ಯಾಜ್ಯದಿಂದ ಲಾಭವಿದೆಯೆಂದು ತಿಳಿದ ಮೇಲೆ ಎಲ್ಲರೂ ಅದನ್ನು ಕೊಳ್ಳತೊಡಗಿದರು. ತ್ಯಾಜ್ಯದ ಬೆಲೆ ಏರಿತು. 2013ರಲ್ಲಿ ಸ್ಥಾವರದ ಕಂಪೆನಿ ದಿವಾಳಿಯೆದ್ದಿತು. ವಿದ್ಯುತ್ತಿಗೆ ಸರಕಾರ ಗೊತ್ತುಪಡಿಸಿದ್ದ ವಿಶೇಷ ದರದ ಅವಧಿ ಮುಗಿದು 2016ರಲ್ಲಿ ಆ ಅನಿಲ ಸ್ಥಾವರ ನಿಂತುಹೋಯಿತು. ಯಂತ್ರ ಕೆಡಲಿಲ್ಲ, ಲೆಕ್ಕ ಕೆಟ್ಟಿತು. ನಮ್ಮಲ್ಲಿಯೂ ಒಂದು ಕಾಲಕ್ಕೆ ಅಕ್ಕಿ ಗಿರಣಿಯ ಹಿಂದೆ ರಾಶಿ ಬಿದ್ದಿರುತ್ತಿದ್ದ ಭತ್ತದ ಹೊಟ್ಟನ್ನು ಬೇಕಾದವರು ಸುಮ್ಮನೆ ಹೊತ್ತೊಯ್ಯುತ್ತಿದ್ದರು. ಇಂದು ಅದಕ್ಕೂ ತಕ್ಕಡಿ ಬಂದಿದೆ.

ಬೆಲೆಯಿಲ್ಲದ ವಸ್ತುವಿಗೆ ಬೆಲೆ ಬಂದಾಗ ಅದನ್ನು ಮೊದಲು ಕಳೆದುಕೊಳ್ಳುವವರು ಯಾರು? ಅದನ್ನು ಪುಕ್ಕಟೆಯಾಗಿ ಆಯ್ದು ತರುತ್ತಿದ್ದವರು. ತಲೆಹೊರೆಯ ಪುರಲೆಗೆ ಗುತ್ತಿಗೆದಾರನೊಬ್ಬನು ಹಕ್ಕುದಾರನಾದರೆ, ಆ ಹೆಂಗಸಿಗೆ ಕೂಲಿ ಸಿಗಬಹುದು, ಒಲೆಗೆ ಸೌದೆ ಸಿಗದಿರಬಹುದು. ಉದ್ಯೋಗ ಕೊಟ್ಟೆವೆಂದು ಹೇಳಿಕೊಳ್ಳುವ ಯೋಜನೆಯೊಂದು ಅವಳ ಕೈಯಲ್ಲಿದ್ದುದನ್ನು ಕಸಿದು ಕೂಲಿಯ ರೂಪದಲ್ಲಿ ಅರ್ಧವನ್ನು ಹಿಂದಿರುಗಿಸಿದಂತಾಗಬಾರದು. 2006ರ ಅರಣ್ಯ ಹಕ್ಕು ಕಾಯಿದೆಯು ಕಾಡಿನಲ್ಲಿ ಬಾಳುವವರಿಗೆ ಕಿರು ಅರಣ್ಯ ಉತ್ಪನ್ನಗಳ ಮೇಲಿನ ಹಕ್ಕನ್ನು ನೀಡಿದೆ. ಆ ಉತ್ಪನ್ನಗಳ ಪಟ್ಟಿಯಲ್ಲಿ ಜೇನು, ಬಿದಿರುಗಳೊಡನೆ ಕುರುಚಲು ಕಡ್ಡಿಯೂ ಮರದ ಬುಡದ ಕೊರಡೂ ಸೇರಿವೆ ಎಂಬುದು ಹಲವರಿಗೆ ತಿಳಿಯದು.

ಇನ್ನು ಕಾಡಿಗೇ ಬೇಡವಾದ, ತೆಗೆದರೆ ಕಾಡು ಉಸಿರಾಡುವಂತಹ ಕಟ್ಟಿಗೆ ಇದೆಯೆ? ಇದೆ. ಹಿಮಾಲಯದ ತಪ್ಪಲಿನ ಉತ್ತರಾಖಂಡದಲ್ಲಿ ಚೀಡ್ ಮರದ ಸೂಜಿಯೆಲೆಗಳು ಬೇಸಗೆಯಲ್ಲಿ ಉದುರಿ ನೆಲವನ್ನೆಲ್ಲ ಮುಚ್ಚುತ್ತವೆ. ರಾಳದ ಅಂಶವಿರುವ ಆ ಎಲೆಗೆ ಒಂದು ಕಿಡಿ ಸಾಕು, ಬೆಟ್ಟವೇ ಹತ್ತಿ ಉರಿಯುತ್ತದೆ. ಪಿಥೋರಾಗಢ ಜಿಲ್ಲೆಯಲ್ಲಿ ಅವನಿ ಎಂಬ ಸಂಸ್ಥೆಯು ಹಳ್ಳಿಯವರಿಂದ ಆ ಎಲೆಗಳನ್ನು ತೂಕಕ್ಕೆ ಕೊಂಡು ಅನಿಲವಾಗಿಸಿ ವಿದ್ಯುತ್ತನ್ನು ಪಡೆಯಿತು. 2018ರಲ್ಲಿ ಅಲ್ಲಿಯ ಸರಕಾರವು ಇಂತಹ ಘಟಕಗಳಿಗೆಂದೇ ಒಂದು ನೀತಿಯನ್ನು ಪ್ರಕಟಿಸಿತು.

ನಮ್ಮ ದಕ್ಷಿಣದ ಕಾಡುಗಳಲ್ಲಿ ಚೀಡ್ ಇಲ್ಲ. ಅದರ ಬದಲು ಲಂಟಾನವಿದೆ. ಅಮೆರಿಕದ ಉಷ್ಣವಲಯದ ಈ ಗಿಡವನ್ನು ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಹೂವಿನ ಚೆಲುವಿಗಾಗಿ ಭಾರತಕ್ಕೆ ತಂದರು. ಹಣ್ಣನ್ನು ತಿಂದ ಹಕ್ಕಿಗಳು ಬೀಜವನ್ನು ಎಲ್ಲೆಡೆ ಹರಡಿದುವು. ಹುಲಿಗಳ ನೆಲೆಯಾದ ಕಾಡುಗಳಲ್ಲಿ ನೂರಕ್ಕೆ ನಲವತ್ತಕ್ಕೂ ಮಿಕ್ಕ ಪ್ರದೇಶವನ್ನು ಅದು ಆವರಿಸಿದೆಯೆಂದು 2020ರ ಅಧ್ಯಯನವೊಂದು ತಿಳಿಸಿದೆ. ಅದರ ಪೊದೆಯ ಅಡಿಯಲ್ಲಿ ಹುಲ್ಲು ಬೆಳೆಯದು. ಹುಲ್ಲಿಲ್ಲದೆಡೆ ಜಿಂಕೆಗೆ ಮೇವಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಇದಕ್ಕೊಂದು ಕಾರಣವನ್ನು ಹೇಳುತ್ತಾರೆ. ಹಿಂದೆ ಅವರು ಬೇಸಗೆಯ ಮೊದಲಲ್ಲಿ ‘ತರಗು ಬೆಂಕಿ’ ಎಂಬ ಸಣ್ಣ ನೆಲಬೆಂಕಿಯನ್ನು ಹಾಕುತ್ತಿದ್ದರು. ಒಣ ತರಗು ಮಾತ್ರ ಉರಿದು, ಮರಗಳಿಗೆ ಹಾನಿಯಾಗದೆ, ಎಳೆಯ ಲಂಟಾನ ಸುಟ್ಟುಹೋಗುತ್ತಿತ್ತು. ಆ ಬೆಂಕಿಯನ್ನು ನಿಷೇಧಿಸಿದ ಮೇಲೆ ಲಂಟಾನ ಹಬ್ಬಿತು ಎಂಬುದು ಅವರ ಮಾತು. ಈಗ ಅದೇ ಲಂಟಾನದ ಒಣ ಪೊದೆಗಳು ತಾವೇ ದೊಡ್ಡ ಬೆಂಕಿಗೆ ಮೇವಾಗುತ್ತಿವೆ.

ಮಲೆ ಮಹದೇಶ್ವರ ಬೆಟ್ಟದ ಪ್ರದೇಶದಲ್ಲಿ ಸೋಲಿಗರು ಅಶೋಕಾ ಟ್ರಸ್ಟ್ ಎಂಬ ಪರಿಸರ ಸಂಶೋಧನ ಸಂಸ್ಥೆಯ ನೆರವಿನಿಂದ ಲಂಟಾನದ ಕಡ್ಡಿಯನ್ನು ಬೇಯಿಸಿ, ಸಿಪ್ಪೆ ಸುಲಿದು, ಬಾಗಿಸಿ, ಕುರ್ಚಿ ಬುಟ್ಟಿಗಳನ್ನು ಮಾಡಲು ಕಲಿತರು. ಬಿದಿರು ಬೆತ್ತಗಳಿಗೆ ಬದಲಾಗಿ ಬಂದ ಈ ಕಸುಬು ಕಾಡಿನ ಬಿದಿರನ್ನೂ ಉಳಿಸಿತು. ಕುರ್ಚಿಗೆ ನೇರವಾದ ಗಟ್ಟಿ ಕಡ್ಡಿ ಸಾಕು. ಉಳಿದ ಮುಳ್ಳು, ತುದಿ, ಬೇರುಗಳಿಗೆ ಕುಲುಮೆಯೇ ತಕ್ಕ ದಾರಿ. ಇಂದು ಹಳ್ಳಿಗಳಿಗೆಲ್ಲ ವಿದ್ಯುತ್ ತಂತಿ ಬಂದಿರುವ, ಸೂರ್ಯನ ಬೆಳಕಿನಿಂದ ಅಗ್ಗವಾಗಿ ವಿದ್ಯುತ್ ಪಡೆಯುವ ಕಾಲದಲ್ಲಿ, ಅದನ್ನು ಬೆಳಕಾಗಿಸುವುದಕ್ಕಿಂತ ಶಾಖವಾಗಿಯೇ ಬಳಸುವುದು ಹೆಚ್ಚು ಲಾಭದಾಯಕವೆಂದು ನನ್ನ ಅಭಿಪ್ರಾಯ. ಅಡಿಕೆ ಬೇಯಿಸುವ ಹಂಡೆ, ಏಲಕ್ಕಿ ಒಣಗಿಸುವ ಗೂಡು, ಹೆಂಚಿನ ಭಟ್ಟಿ ಇವೆಲ್ಲ ಶಾಖವನ್ನೇ ಬೇಡುತ್ತವೆ. ಕರ್ನಾಟಕದ ರೇಷ್ಮೆ ನೂಲು ಬಿಚ್ಚಣಿಕೆಯ ಒಲೆಗಳಿಗೆ 1990ರ ದಶಕದಲ್ಲಿ ಅನಿಲ ಯಂತ್ರವನ್ನು ಜೋಡಿಸಿ ನೋಡಿದ್ದೂ ಉಂಟು.

ಆದರೆ ಲಂಟಾನವನ್ನು ನೆಲಮಟ್ಟದಲ್ಲಿ ಕತ್ತರಿಸಿದರೆ ಅದು ಇಮ್ಮಡಿಯಾಗಿ ಚಿಗುರುತ್ತದೆ. ದೆಹಲಿಯ ಸಸ್ಯವಿಜ್ಞಾನಿ ಸಿ.ಆರ್. ಬಾಬು ಅವರು ಸೂಚಿಸಿದ ವಿಧಾನದಂತೆ, ನೆಲದೊಳಗೆ ಚಿಗುರು ಹೊರಡುವ ಭಾಗದ ಕೆಳಗೆ ಬೇರನ್ನು ಕಡಿದು ಬುಡವನ್ನು ತಲೆಕೆಳಗು ಮಾಡಿ ಇಡಬೇಕು. ಅದು ಯಂತ್ರಕ್ಕಾಗದ, ಗುದ್ದಲಿ ಹಿಡಿದ ಕೈಗೆ ಮಾತ್ರ ಸಾಧ್ಯವಾದ ಕೆಲಸ. ಅಲ್ಲಿಗೂ ಮುಗಿಯುವುದಿಲ್ಲ. ಮಣ್ಣಿನಲ್ಲಿ ಉಳಿದ ಬೀಜಗಳು ಮಳೆ ಬಿದ್ದೊಡನೆ ಮೊಳೆಯುವುದರಿಂದ ಮುಂದಿನ ಎರಡು ಮೂರು ಮಳೆಗಾಲಗಳಲ್ಲೂ ಅದೇ ಜಾಗಕ್ಕೆ ಬಂದು ಸಸಿಗಳನ್ನು ಕೀಳಬೇಕು, ಊರ ಹುಲ್ಲಿನ ಬೀಜವನ್ನು ಬಿತ್ತಬೇಕು. ಕುಲುಮೆಗೆ ಕಟ್ಟಿಗೆ ದೊರೆಯುವುದು ಮೊದಲ ವರ್ಷ ಮಾತ್ರ. ಕೀಳುವವರಿಗೆ ಕೂಲಿ ಕೊಡಬೇಕಾದುದು ಮೂರನೆಯ ವರ್ಷವೂ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಗ್ರಾಮಸಭೆಗಳಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ದೊರೆತಿರುವುದರಿಂದ, ಆ ಬೆಟ್ಟದಲ್ಲಿ ಇಂತಹ ಕೆಲಸವನ್ನು ಕೈಗೊಳ್ಳುವವರು ಮೂರನೆಯ ವರ್ಷದ ಆ ಕೂಲಿಯ ಲೆಕ್ಕವನ್ನು ಮೊದಲ ವರ್ಷವೇ ಗ್ರಾಮಸಭೆಯ ಮುಂದಿಡಬೇಕಾಗುತ್ತದೆ.